ಶಿರಾಳಕೊಪ್ಪ ಬರುವ ಮೊದಲೇ ನಿಲ್ಲುವ ಕಾರು

ಅಪ್ಪ ಬಿಟ್ಟುಹೋದ ಪೆಟ್ರೋಲ್ ಕಾರು ಕಾರ್ಬ್ಯುರೇಟರ್ ಕಾಲದ್ದು. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಆ ಭಾಗದ ಹೆಸರೇ ಈಗಿನವರಿಗೆ ಗೊತ್ತಿಲ್ಲ. ಸೊರಬದ ನಮ್ಮ ಬೀದಿಯಲ್ಲಿ ಅದನ್ನು ಗುಜರಿಗೆ ಹಾಕಿ ಎಂದು ಬುದ್ಧಿ ಹೇಳದವರಿಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಿಮ್ಮ ಮನೆ ಬಾಗಿಲಿಗೆ ಅಡ್ಡ ನಿಲ್ಲಿಸಿದ್ದೀನೇನು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ.

ಅಪ್ಪನ ವರ್ಷದ ಕಾರ್ಯ ಮುಗಿದ ಮೇಲೆ ಬಂದ ಮೊದಲ ಆಯುಧಪೂಜೆಗೆ ಅಮ್ಮ ತಾನೇ ಕಾರಿನ ಪೂಜೆಗೆ ನಿಂತಳು. ಅಲ್ಲಿಯವರೆಗೆ ಅದು ಅಪ್ಪನ ಕೆಲಸವಾಗಿತ್ತು. ಹಬ್ಬಕ್ಕೆ ಬಂದಿದ್ದ ಸೋದರತ್ತೆ, ಇದನ್ನೆಲ್ಲ ಮುತ್ತೈದೆ ಕೈಯಲ್ಲಿ ಮಾಡಿಸಬೇಕು ಎಂದು ಗೋಡೆಗೆ ಹೇಳುವವಳ ಹಾಗೆ ಹೇಳಿದಳು. ಅಮ್ಮ ಕೇಳಿಯೂ ಕೇಳದವಳಂತೆ ವಿಭೂತಿಯನ್ನು ಗಟ್ಟಿಯಾಗಿ ಕಲಸಿ ಬಾನೆಟ್ಟಿಗೆ, ಸ್ಟೇರಿಂಗಿಗೆ, ಚಕ್ರಗಳಿಗೆ ಮೂರು ಬೆರಳಿನಿಂದ ಎಳೆದಳು. ಕೊನೆಗೆ ಕಾರಿನ ಹಿಂಬದಿಯ ಪೆಟ್ರೋಲ್ ಮುಚ್ಚಳದ ಮುಂದೆ ಕೂತು, ಇದು ಉಣ್ಣುವ ಬಾಯಿ ಎನ್ನುತ್ತ, ಅದಕ್ಕೆ ಎಲ್ಲಕ್ಕಿಂತ ಧಾರಾಳವಾಗಿ ಬಳಿದು ಕುಂಕುಮವಿಟ್ಟಳು. ಪೂಜೆಯ ಗುರುತನ್ನು ಒರೆಸಬಾರದು, ತಾನಾಗಿ ಅಳಿಯಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಹಾಗಾಗಿ ನಾನೂ ಮುಟ್ಟಲಿಲ್ಲ.

ಶಿಕಾರಿಪುರದಲ್ಲಿ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಹಾಸಿಗೆ ಹಿಡಿದಿದ್ದಳು. ವಾರಕ್ಕೊಮ್ಮೆ ಹೋಗಿ ಅವಳ ತಲೆ ಬಾಚಿ, ಒಂದು ತುತ್ತು ಉಣಿಸಿ ಬಂದರೇನೇ ಅಮ್ಮನಿಗೆ ಸಮಾಧಾನ. ಮಂಡಿ ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರಳು. ಈ ಕಾರೇ ಅವಳ ಕಾಲು.

ಹಬ್ಬ ಮುಗಿದ ಮೇಲೆ ಹೊರಟ ಮೊದಲ ಸಲವೇ ಕಾರು ಶಿರಾಳಕೊಪ್ಪ ಬರುವ ಮೊದಲು ಎರಡು ಸಲ ಕೆಮ್ಮಿ ನಿಂತಿತು. ನಾನು ಬಾನೆಟ್ ಎತ್ತಿದೆ, ಕಾದ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದೆ, ಪ್ಲಗ್ಗಿನ ವೈರುಗಳನ್ನು ಒತ್ತಿದೆ. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಅಪ್ಪನ ಕಾಲದಲ್ಲೇ ಸತ್ತಿದ್ದರಿಂದ ಹಿಂದಿನ ಮುಚ್ಚಳ ತೆಗೆದು ಬಿದಿರಕಡ್ಡಿ ಇಳಿಸಿ ನೋಡಿದೆ. ಪೆಟ್ರೋಲ್ ಬೇಕಾದಷ್ಟಿತ್ತು. ಬೈದುಕೊಂಡು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಶುರುವಾಯಿತು. ಮುಂದಿನ ವಾರವೂ ಅದೇ ಕತೆ. ಊರೊಳಗೆ ಎಷ್ಟು ಓಡಿಸಿದರೂ ತಕರಾರಿಲ್ಲ, ದೂರ ಹೊರಟರೆ ನಿಲ್ಲುತ್ತಿತ್ತು.

ಅಮ್ಮ ಬಾಯಿಬಿಟ್ಟು ಹೇಳದಿದ್ದರೂ ಸೋದರತ್ತೆಯ ಮಾತು ಅವಳೊಳಗೆ ಕೂತಿತ್ತು. ಮೂರನೆಯ ವಾರ ಬರುವುದಿಲ್ಲ ಎಂದಳು. ನಾನೊಬ್ಬಳೇ ಹೋದೆ, ಆಗಲೂ ನಿಂತಿತು. ಖುಷಿಯಿಂದಲೇ ಬಂದು, ನೋಡು, ನೀನಿಲ್ಲದೆಯೂ ನಿಂತಿತು, ನಿನಗೂ ಇದಕ್ಕೂ ಸಂಬಂಧವಿಲ್ಲ ಎಂದೆ. ಅಮ್ಮ ಅಕ್ಕಿ ಆರಿಸುತ್ತ ತಲೆಯೆತ್ತಲಿಲ್ಲ.

"ಪೂಜೆ ಮಾಡಿದ ಕೈ ನಂದೇ ಅಲ್ಲೇನೆ."

ಅಂದಿನಿಂದ ಅವಳು ದೇವರ ಮನೆಯ ದೀಪವನ್ನೂ ನನ್ನ ಕೈಯಲ್ಲೇ ಹಚ್ಚಿಸತೊಡಗಿದಳು. ದೊಡ್ಡಮ್ಮ ಫೋನಿನಲ್ಲಿ, ತಂಗಿ ಯಾಕೆ ಬರುತ್ತಿಲ್ಲ ಎಂದು ಕೇಳಿದಾಗಲೆಲ್ಲ ಮಂಡಿನೋವಿನ ನೆಪ ಹೇಳಿದಳು. ನನಗೆ ಸೋದರತ್ತೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಶಿಕಾರಿಪುರದ ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲನ್ನೂ ಹೊಸದು ಹಾಕಿದ. ಕಾರು ಮತ್ತೆ ಅಲ್ಲೇ ನಿಂತಿತು. ಅವನಿಗೂ ತಲೆ ಕೆಟ್ಟಿತ್ತು. ದಾರಿಯಲ್ಲಿ ನಿಂತಾಗ ಏನೇನು ಮಾಡುತ್ತೀರಿ ಎಂದು ಕೇಳಿ, ನನ್ನ ಗಡಿಬಿಡಿಯನ್ನೆಲ್ಲ ಕೇಳಿಸಿಕೊಂಡು ನಕ್ಕ.

"ಒಂದೊಂದೇ ಮಾಡ್ರೀ ಮೇಡಮ್ಮಾರೆ. ಎಲ್ಲಾ ದೇವ್ರಿಗೂ ಒಟ್ಟಿಗೇ ಹರಕೆ ಹೊತ್ರೆ, ಯಾವ ದೇವ್ರು ಕಣ್ಣು ಬಿಟ್ಟ ಅಂತ ಹ್ಯಾಂಗ್ ಗೊತ್ತಾಗ್ಬೇಕು?"

ಅಷ್ಟರಲ್ಲಿ ದೊಡ್ಡಮ್ಮ ಊಟ ಬಿಟ್ಟಳೆಂದು ಸುದ್ದಿ ಬಂತು. ಅಮ್ಮ ಬೇರೆ ದಾರಿಯಿಲ್ಲದೆ ಕಾರು ಹತ್ತಿದಳು, ಅದೂ ಹಿಂದಿನ ಸೀಟಿಗೆ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಅದರ ಪಕ್ಕದಲ್ಲಿ ನಿಧಾನವಾಗಿ ಹೋಗುತ್ತಿದ್ದಾಗಲೇ ಕಾರು ಕೆಮ್ಮಿ ನಿಂತಿತು. ಅಮ್ಮ ಕಣ್ಣು ಮುಚ್ಚಿಕೊಂಡಳು.

ಈ ಸಲ ನಾನು ಸಿಟ್ಟನ್ನು ನುಂಗಿಕೊಂಡೆ. ಬಾನೆಟ್ ಎತ್ತಿ ಒದ್ದೆ ಬಟ್ಟೆಯನ್ನಷ್ಟೇ ಹಾಕಿ ಕೀಲಿ ತಿರುಗಿಸಿದೆ. ಇಲ್ಲ. ವೈರುಗಳನ್ನು ಒತ್ತಿ ಮತ್ತೆ ತಿರುಗಿಸಿದೆ. ಇಲ್ಲ. ಉಳಿದಿದ್ದು ಬಿದಿರಕಡ್ಡಿ. ಹಿಂದೆ ಹೋಗಿ ಪೆಟ್ರೋಲ್ ಮುಚ್ಚಳವನ್ನು ತಿರುವಿದೆ.

ಇಷ್ಟು ದಿನ ನನ್ನ ಬೈಗುಳದಲ್ಲಿ ಕೇಳಿಸದ ಸದ್ದೊಂದು ಒಳಗಿನಿಂದ ಬಂತು. ಅಲ್ಲ, ಹೊರಗಿನಿಂದ ಒಳಕ್ಕೆ ಹೋಯಿತು. ನೀರಲ್ಲಿ ಮುಳುಗಿ ಎದ್ದವರು ಎಳೆದುಕೊಳ್ಳುವಂಥ ಉದ್ದನೆಯ ಉಸಿರು. ನನ್ನ ಬೆರಳ ಸಂದಿಯಿಂದಲೇ ಗಾಳಿ ಒಳಗೆ ನುಗ್ಗಿತು. ಹೋಗಿ ಕೀಲಿ ತಿರುಗಿಸಿದೆ. ಕಾರು ಒಂದೇ ಏಟಿಗೆ ಶುರುವಾಯಿತು.

ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದೆ. ಸಾಸಿವೆ ಹೋಗುವಷ್ಟು ಸಣ್ಣ ತೂತೊಂದು ಅದರಲ್ಲಿತ್ತು. ವಿಭೂತಿ ಅದರೊಳಗೆ ಇಳಿದು ಗಾರೆಯ ಹಾಗೆ ಗಟ್ಟಿಯಾಗಿತ್ತು. ಟ್ಯಾಂಕಿನಿಂದ ಖರ್ಚಾಗುವ ಪೆಟ್ರೋಲಿನ ಜಾಗಕ್ಕೆ ಅಷ್ಟೇ ಗಾಳಿ ಬರಬೇಕು. ಬರಲು ದಾರಿಯಿಲ್ಲದೆ ಟ್ಯಾಂಕು ತನ್ನ ಪೆಟ್ರೋಲನ್ನು ತಾನೇ ಹಿಡಿದಿಟ್ಟುಕೊಂಡಿತ್ತು. ಇಡೀ ಕಬ್ಬಿಣದ ಕಾರನ್ನು ನಿಲ್ಲಿಸಿದ್ದು ಕಣ್ಣಿಗೆ ಕಾಣದ ಒಂದು ಗುಟುಕು ಗಾಳಿ! ನಾನು ದಿನವೂ ಎಳೆದುಕೊಳ್ಳುವ ಗಾಳಿಗೆ ಅಂದಿನವರೆಗೆ ಒಮ್ಮೆಯೂ ಮರ್ಯಾದೆ ಕೊಟ್ಟಿರಲಿಲ್ಲ.

ಆಮೇಲೆ ತಿರುಗಿ ನೋಡಿದೆ. ಅಮ್ಮ ಇಳಿದು ಪಕ್ಕಕ್ಕೆ ಬಂದು ನಿಂತಿದ್ದಳು. ಅವಳು ಹೆದರಿದ್ದೇ ನಿಜವಾಗಿತ್ತಲ್ಲ. ಕಾರು ನಿಂತಿದ್ದು ಅವಳ ಕೈಯಿಂದಲೇ. ಧೂಳು ಕೂತಿತ್ತು ಎಂದು ಹೇಳಿ ಮುಗಿಸಿಬಿಡಲೇ ಎಂದುಕೊಂಡೆ. ಆದರೆ ಅವಳ ಮುಖ ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. ತೂತನ್ನು ತೋರಿಸಿ ಎಲ್ಲವನ್ನೂ ಹೇಳಿದೆ.

ಅಮ್ಮ ಮುಚ್ಚಳವನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಎಣ್ಣೆ ಡಬ್ಬಿಗೆ ನಾವು ಎರಡು ತೂತು ಹೊಡೆಯುವುದೂ ಇದಕ್ಕೇ ಅಲ್ಲವೇ ಎಂದು ಕೇಳಿದಳು. ಹೌದೆಂದೆ. ಸೆರಗಿನ ಪಿನ್ನು ತೆಗೆದು ತೂತಿನೊಳಗಿನ ವಿಭೂತಿಯನ್ನು ಸ್ವಲ್ಪಸ್ವಲ್ಪವೇ ಅಂಗೈಗೆ ಕೆರೆದುಕೊಂಡಳು. ಬಾಯಿಂದ ಊದಿ, ಆಚೆಯ ಬೆಳಕು ಕಾಣುತ್ತದೆಯೇ ಎಂದು ನೋಡಿದಳು.

"ಕೈ ಸರಿ ಐತೆ ಕಣೇ," ಎಂದಳು. "ಬಳಿದ ಜಾಗ ಸರಿ ಇರ್ಲಿಲ್ಲ."

ಎಂಜಿನ್ನಿನ ಬಗ್ಗೆ ಪಟ್ಟ ಬೆರಗೆಲ್ಲ ಆ ಮಾತಿನ ಮುಂದೆ ಚಿಕ್ಕದಾಗಿ ಕಂಡಿತು. ಇಷ್ಟು ವಾರ ಅವಳನ್ನು ಒಳಗೊಳಗೇ ಕಟ್ಟಿಹಾಕಿದ್ದ ಮಾತನ್ನು ಅವಳೇ ಬಿಡಿಸಿಕೊಂಡಿದ್ದಳು, ನನ್ನ ಸಹಾಯವೂ ಬೇಕಾಗಿರಲಿಲ್ಲ.

ಅಂಗೈಯ ಪುಡಿಯನ್ನು ರಸ್ತೆಗೆ ಚೆಲ್ಲುವ ಹಾಗಿರಲಿಲ್ಲ. ನನ್ನ ಹಣೆಗೆ ಹಚ್ಚಿದಳು, ತನ್ನ ಹಣೆಗೂ ಹಚ್ಚಿಕೊಂಡಳು. ಮಿಕ್ಕಿದ್ದನ್ನು ಅದೇ ಕೈಯಿಂದ ಕಾರಿನ ಮೈಗೆ, ಮುಚ್ಚಳದಿಂದ ಗೇಣು ದೂರದಲ್ಲಿ, ಮೂರು ಬೆರಳಿನಿಂದ ಎಳೆದಳು. ಆಮೇಲೆ ಮುಂದಿನ ಬಾಗಿಲು ತೆಗೆದು ನನ್ನ ಪಕ್ಕ ಕೂತು, ಬೇಗ ಹೊರಡು, ಅಕ್ಕನಿಗೆ ಉಣಿಸಬೇಕು ಎಂದಳು.