ಬೆಟಗೇರಿಯಲ್ಲಿ ತೂಕ ಇಳಿಸಿದ್ದು

ಬೆಳಗಿನ ಹೊತ್ತು ಮಲ್ಲಸಮುದ್ರದ ದಾರಿಯಲ್ಲಿ ಬೀಸುಗಾಲು ಹಾಕಿ ನಡೆಯುತ್ತಿದ್ದೆ. ಗದಗಕ್ಕೆ ಬಂದು ಇನ್ನೂ ವಾರ ಕಳೆದಿರಲಿಲ್ಲ, ವಾಸ ಲಾಡ್ಜಿನಲ್ಲಿ. ಹಿಂದಿನಿಂದ ಬಂದ ಮೋಟಾರ್ ಸೈಕಲ್ ಗಕ್ಕನೆ ನನ್ನ ಪಕ್ಕದಲ್ಲೇ ನಿಂತಿತು. ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ ಮುದುಕರು ನನ್ನ ಮುಖವನ್ನೇ ನೋಡಿ ಕೇಳಿದರು, "ಯಾಕ್ರಿ ಅಕ್ಕಾರ, ಯಾರಿಗರ ಏನರ ಆತೇನ್ರಿ? ಹತ್ರಿ, ಜಲ್ದಿ ಹತ್ರಿ, ದವಾಖಾನಿಗೆ ಬಿಡ್ತೀನಿ."

ಏನೂ ಆಗಿಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. "ಸುಮ್ಮಸುಮ್ಮನ ಯಾರರ ಇಷ್ಟು ಧಾವಿಸ್ತಾರೇನ್ರಿ?" ಎನ್ನುತ್ತ ಸ್ವಲ್ಪ ದೂರ ನನ್ನ ಜೊತೆಯಲ್ಲೇ ಗಾಡಿಯನ್ನು ನಿಧಾನವಾಗಿ ಓಡಿಸಿದರು. ನಮ್ಮ ಕಾಪುವಿನ ಕಡಲತೀರದಲ್ಲಿ ಮುಂಜಾನೆ ಓಡುವವರಿಗೆ ನಾಯಿಯೂ ಬೊಗಳುವುದಿಲ್ಲ ಮಾರಾಯ್ರೆ. ಇಲ್ಲಿ ಒಬ್ಬ ಹೆಂಗಸು ಒಂಟಿಯಾಗಿ ರಭಸದಿಂದ ನಡೆದರೆ ಊರಿಗೆ ಊರೇ ಗಾಬರಿಯಾಗುತ್ತದೆ.

ಆದರೆ ಆ ಮುದುಕರು ಕೇಳಿದ್ದು ಪೂರ್ತಿ ತಪ್ಪೂ ಆಗಿರಲಿಲ್ಲ. ನನ್ನ ತಮ್ಮ ಪ್ರಸನ್ನನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮೂತ್ರಪಿಂಡಕ್ಕಾಗಿ ಕಾಯುವವರ ಸಾಲಿನಲ್ಲಿ ಅವನ ಹೆಸರಿತ್ತು ನಿಜ, ಆ ಸರದಿ ಯಾವ ಕಾಲಕ್ಕೆ ಬರುತ್ತದೋ ದೇವರೇ ಬಲ್ಲ. ನನ್ನದು ಅವನಿಗೆ ಹೊಂದುತ್ತದೆ ಎಂದು ಮಂಗಳೂರಿನ ಡಾಕ್ಟರು ಹೇಳಿದಾಗ ನಾನು ಅಲ್ಲೇ ಸೆರಗು ಕಟ್ಟಿ ನಿಂತಿದ್ದೆ. ಅವರು ಅಡ್ಡಡ್ಡ ತಲೆಯಾಡಿಸಿದರು. "ಈ ತೂಕದಲ್ಲಿ ನಿಮ್ಮನ್ನು ನಾನು ಮುಟ್ಟುವುದಿಲ್ಲ. ಸಕ್ಕರೆಯೂ ಗಡಿಯಲ್ಲಿ ಉಂಟು. ಇಳಿಸಿಕೊಂಡು ಬನ್ನಿ, ಆಮೇಲೆ ಮಾತಾಡುವ" ಎಂದರು. ಅದೇ ತಿಂಗಳು ನಮ್ಮ ವಿಮಾ ಕಚೇರಿಯವರು ನನ್ನನ್ನು ಗದಗಕ್ಕೆ ವರ್ಗ ಮಾಡಿದರು. ಮದುವೆಯಾಗದವಳು, ಮಕ್ಕಳ ಶಾಲೆಯ ಚಿಂತೆ ಇಲ್ಲದವಳು, ಎಲ್ಲಿಗೆ ಎಸೆದರೂ ಬೀಳುತ್ತಾಳೆ ಎಂದು ಅವರ ಲೆಕ್ಕ.

ಮನೆ ಹುಡುಕುವುದು ಇನ್ನೊಂದು ಪರೀಕ್ಷೆ. ನಮ್ಮ ಕಡೆ ಬಾಡಿಗೆಗೆ ಕೊಡುವವರು ಮೀನು ತಿನ್ನುತ್ತೀರಾ ಎಂದು ಕೇಳುತ್ತಾರೆ. ಇಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, "ಒಬ್ಬಾಕೇನ?" ಹೌದೆಂದರೆ ಬಾಗಿಲು ಮೆಲ್ಲಗೆ ಮುಚ್ಚುತ್ತದೆ. ಕೊನೆಗೆ ಬೆಟಗೇರಿಯ ನೇಕಾರರ ಓಣಿಯಲ್ಲಿ ಪಾರವ್ವ ಎಂಬ ವಿಧವೆ ತಮ್ಮ ಮಹಡಿಯ ಕೋಣೆ ಕೊಟ್ಟರು. ಅವರೂ ಅದನ್ನೇ ಕೇಳಿದರು. ಹೌದು ಎಂದಾಗ, "ಪಾಪ, ಒಬ್ಬಾಕಿ ಹೆಂಗ ಉಣ್ತೀರಿ?" ಎಂದು ಬಾಗಿಲು ಪೂರ್ತಿ ತೆರೆದರು. ಕೆಳಗೆ ನೆಲ ಅಗೆದು ಕೂರಿಸಿದ ಹಳೆಯ ಕುಣಿಮಗ್ಗ, ಅದರ ಪಕ್ಕದಲ್ಲೇ ಅವರ ಖಾನಾವಳಿ. ಖಾನಾವಳಿ ಎಂದರೆ ನಮ್ಮ ಹೋಟೆಲಲ್ಲ. ಮನೆಯ ಊಟವನ್ನು ಗೊತ್ತಾದ ಗಿರಾಕಿಗಳಿಗೆ ಬಡಿಸುವ, ಡಬ್ಬಿ ಕಟ್ಟಿ ಕಳಿಸುವ ಜಾಗ. ನೂಲು ನೇಯ್ದು ಹೊಟ್ಟೆ ತುಂಬದಾದಾಗ ಪಾರವ್ವ ರೊಟ್ಟಿ ಬಡಿಯಲು ಕೂತವರು.

ದೊಡ್ಡ ನಗರಗಳಲ್ಲಿ ತೂಕ ಇಳಿಸುವವರಿಗೆ ಅಳೆದು ಬೇಯಿಸಿದ ಊಟ ಪೆಟ್ಟಿಗೆಯಲ್ಲಿ ಮನೆಗೇ ಬರುತ್ತದಂತೆ. ಮಂಗಳೂರಿನ ಆಹಾರ ತಜ್ಞೆ ಅದನ್ನೇ ಹೇಳಿದ್ದರು. ನನಗೆ ಪಾರವ್ವನೇ ಗತಿ. ಬೆಳಿಗ್ಗೆ ಮೊಳಕೆ ಹೆಸರುಕಾಳು, ಮಧ್ಯಾಹ್ನ ಒಂದೇ ತೆಳು ಜೋಳದ ರೊಟ್ಟಿ, ಕೈತುಂಬ ಸೊಪ್ಪಿನ ಪಲ್ಯ, ನೀರು ಮಜ್ಜಿಗೆ, ಸಂಜೆ ಬೇಯಿಸಿದ ತರಕಾರಿ. ಎಣ್ಣೆ ಬೇಡ, ಬೆಣ್ಣೆ ಬೇಡ, ಶೇಂಗಾದ ಪುಡಿ ಬೇಡವೇ ಬೇಡ. ಕಾರಣ ಕೇಳಿದಾಗ "ಆರೋಗ್ಯಕ್ಕೆ" ಎಂದಷ್ಟೇ ಹೇಳಿದೆ. ತಮ್ಮನ ವಿಷಯ ಬಾಯಿಬಿಡಲು ಮನಸ್ಸಾಗಲಿಲ್ಲ. ಇಲ್ಲಿಯವರು ಕನಿಕರವನ್ನು ಗಟ್ಟಿ ದನಿಯಲ್ಲಿ ಆಡುತ್ತಾರೆ, ನನಗೋ ಯಾರಾದರೂ "ಪಾಪ" ಎಂದರೆ ಅಳು ಬರುತ್ತದೆ.

ಪಾರವ್ವ ನನ್ನ ಪಟ್ಟಿಯನ್ನೆಲ್ಲ ಕೇಳಿ ಕೆನ್ನೆಗೆ ಕೈ ಹಚ್ಚಿದರು. "ಇದೇನ್ರಿ, ಬ್ಯಾನಿ ಬಿದ್ದೋರ ಊಟ?"

"ಇಷ್ಟೇ ಸಾಕು ಪಾರವ್ವ."

"ಆತು ಬಿಡ್ರಿ, ನಿಮ್ಮಿಷ್ಟ" ಎಂದರು. ಮುಖ ಮಾತ್ರ ಸಪ್ಪಗಾಗಿತ್ತು.

ಕೆಲಸದ ಮೇಲೆ ನಾನು ಬಸ್ಸು ಹತ್ತಿ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಸುತ್ತಬೇಕು, ಪಾಲಿಸಿದಾರರ ಮನೆಗೆ ಹೋಗಬೇಕು. ನಮ್ಮಲ್ಲಿ ಮನೆಗೆ ಬಂದವರಿಗೆ ನೀರು, ಬೆಲ್ಲ. ಬೇಡವೆಂದರೆ ಆಯಿತು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಇಲ್ಲಿ ಹೊಸ್ತಿಲು ದಾಟಿದರೆ ತಟ್ಟೆ ಬಂದೇ ಬಂತು. ಗಿರ್ಮಿಟ್, ಅಂದರೆ ಒಗ್ಗರಣೆಯಲ್ಲಿ ಕಲಸಿದ ಚುರುಮುರಿ, ಅದರ ಜೊತೆಗೆ ಬೆರಳುದ್ದದ ಮಿರ್ಚಿ ಬಜ್ಜಿ. ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿ ಇಮಾಮಸಾಬರ ಮನೆಯಲ್ಲಿ ನಾನು ತಟ್ಟೆಯನ್ನು ಮೆಲ್ಲಗೆ ಸರಿಸಿದೆ. ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿಯ ಮುಖ ಬಾಡಿತು. ಇಮಾಮಸಾಬರು ತಗ್ಗಿದ ದನಿಯಲ್ಲಿ, "ಯಾಕ್ರಿ ಮೇಡಮ್ಮಾರ, ನಮ್ಮ ಮನ್ಯಾಗ ಉಣ್ಣಂಗಿಲ್ಲೇನ್ರಿ?" ಎಂದರು. ಅಯ್ಯೋ ದೇವರೇ, ನನ್ನ ಪಥ್ಯ ಅವರ ಕಣ್ಣಿಗೆ ಜಾತಿಯಾಗಿ ಕಂಡಿತ್ತು! ಎರಡು ಬಜ್ಜಿ ಬಾಯಿಗೆ ತುರುಕಿ, ಚೆನ್ನಾಗಿದೆ ಎಂದು ಹೊಗಳಿ, ಬಸ್ ಸ್ಟ್ಯಾಂಡಿನವರೆಗೂ ತಮ್ಮನಿಗೆ ಮನಸ್ಸಿನಲ್ಲೇ ಕ್ಷಮೆ ಕೇಳುತ್ತ ನಡೆದೆ.

ದೇಹ ಒಂದೇ ವ್ಯಾಯಾಮಕ್ಕೆ ಒಗ್ಗಿಬಿಡುತ್ತದೆ, ಬದಲಿಸುತ್ತಿರಿ ಎಂದು ತಜ್ಞೆ ಹೇಳಿದ್ದರು. ಊರಲ್ಲಾದರೆ ನಾನು ಈಜುತ್ತಿದ್ದೆ. ಇಲ್ಲಿ ಕಡಲನ್ನು ಎಲ್ಲಿಂದ ತರಲಿ? ಒಂದು ದಿನ ನಡಿಗೆ, ಒಂದು ದಿನ ಮಹಡಿಯ ಮೆಟ್ಟಿಲು ಹತ್ತಿ ಇಳಿಯುವುದು, ಒಂದು ದಿನ ಮಾಳಿಗೆಯ ಮೇಲೆ ಹಗ್ಗದಾಟ. ನನ್ನ ಹಗ್ಗದಾಟಕ್ಕೆ ಕೆಳಗೆ ಪಾರವ್ವನ ಒಲೆಯ ಮೇಲೆ ಮಣ್ಣು ಉದುರಿ ಅದು ನಿಂತುಹೋಯಿತು. ಆಗ ಅವರೇ, "ಕಾಲಿಗೆ ಕೆಲಸ ಬೇಕಂದ್ರ ಇದನ್ನ ತುಳೀರಿ" ಎಂದು ಮಗ್ಗದ ಕುಣಿಗೆ ನನ್ನನ್ನು ಇಳಿಸಿದರು. ಒಮ್ಮೆ ಬಲಗಾಲು, ಒಮ್ಮೆ ಎಡಗಾಲು, ಕೈಯಲ್ಲಿ ಲಾಳಿಯ ಹಗ್ಗ. ಹತ್ತು ನಿಮಿಷಕ್ಕೆ ತೊಡೆ ನಡುಗತೊಡಗಿತು. ನಾನು ನೇಯ್ದ ಆ ಗೇಣುದ್ದದ ಬಟ್ಟೆಯನ್ನು ನೋಡಿ ಪಾರವ್ವ, "ಒಲಿ ಒರಸಾಕರ ಬರ್ತದ ಬಿಡ್ರಿ" ಎಂದು ನಕ್ಕರು. ಭಾನುವಾರ ಮಾತ್ರ ಎರವಲು ಸೈಕಲ್ ಹಿಡಿದು ಕಳಸಾಪುರದ ದಾರಿ ಹಿಡಿಯುತ್ತಿದ್ದೆ. ಎರಡೂ ಕಡೆ ಕರಿಮಣ್ಣಿನ ಹೊಲ, ಎದುರುಗಾಳಿ, ಮಾತಾಡಲು ಒಂದು ಹುಳವೂ ಇಲ್ಲ. ಕಡಲ ಬದಿಯಲ್ಲಿ ಬೆಳೆದವಳಿಗೆ ಅಲೆಯ ಸದ್ದಿಲ್ಲದ ಬಯಲು ಎಂದರೆ ಹೆದರಿಕೆ. ಕೆಲವು ಸಲ ಅಲ್ಲೇ ನಿಂತು ಪ್ರಸನ್ನನಿಗೆ ಫೋನು ಮಾಡುತ್ತಿದ್ದೆ. ಅವನು ಸುಸ್ತಾಗಿ ಮಲಗಿರುತ್ತಿದ್ದ, ಅವನ ಹೆಂಡತಿ ವಿದ್ಯಾ ಎತ್ತಿ "ಈಗಷ್ಟೇ ಕಣ್ಣು ಮುಚ್ಚಿದ್ದಾರೆ ಅಕ್ಕ" ಎನ್ನುತ್ತಿದ್ದಳು. ಫೋನಿಟ್ಟ ಮೇಲೆ ಮತ್ತೆ ಗಾಳಿಯ ಸದ್ದು.

ಮೊದಲ ತಿಂಗಳು ತೂಕ ಇಳಿಯಿತು. ಓಣಿಯ ಹೆಂಗಸರು "ಸೊರಗೀರಲ್ರಿ" ಎನ್ನತೊಡಗಿದರು. ನಮ್ಮಲ್ಲಿ ಸಪೂರ ಆಗಿದ್ದೀರಿ ಎಂದರೆ ಹೊಗಳಿಕೆ. ಇಲ್ಲಿ ಸೊರಗುವುದೆಂದರೆ ಚಿಂತೆಯಿಂದ ಬತ್ತುವುದು. ಅದನ್ನು ಅನ್ನುವಾಗ ಅವರು ನನ್ನ ತೋಳನ್ನು ಹಿಡಿದು ನೋಡುತ್ತಿದ್ದರು. ಆಮೇಲೆ ಇದ್ದಕ್ಕಿದ್ದಂತೆ ತೂಕ ಇಳಿಯುವುದು ನಿಂತೇಹೋಯಿತು. ನಡಿಗೆ ಹೆಚ್ಚಿಸಿದೆ, ಸೈಕಲ್ ಹೆಚ್ಚಿಸಿದೆ, ಮಗ್ಗದ ಕುಣಿಯಲ್ಲಿ ಬೆವರಿ ತೊಪ್ಪೆಯಾದೆ. ತೂಕದ ಮುಳ್ಳು ಕದಲಲಿಲ್ಲ, ಬರಬರುತ್ತ ಮೇಲಕ್ಕೇ ಹೋಯಿತು. ಫೋನಿನಲ್ಲಿ ತಜ್ಞೆ, "ನೀವು ಕದ್ದು ತಿನ್ನುತ್ತಿದ್ದೀರಿ, ಸುಳ್ಳು ಹೇಳಬೇಡಿ" ಎಂದು ರೇಗಿದರು. ಅತ್ತ ಪ್ರಸನ್ನನ ಕಾಲು ಬಾತಿತ್ತು, ಉಸಿರಿಗೆ ಕಷ್ಟವಾಗಿ ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದರು. ನನ್ನ ಮೈಯ ಮೇಲೆ ನನಗೇ ಹೇಸಿಗೆ ಹುಟ್ಟಿತು.

ಒಂದು ದಿನ ಬೆಳಿಗ್ಗೆ ಮುಂಡರಗಿಯ ಬಸ್ಸಿಗೆ ಹೊತ್ತಾಗುತ್ತದೆಂದು ಡಬ್ಬಿಗೆ ನಾನೇ ಕೆಳಗಿಳಿದೆ. ಪಾರವ್ವ ನನ್ನ ಡಬ್ಬಿಯ ಪಲ್ಯಕ್ಕೆ ಹುರಿದ ಶೇಂಗಾದ ಪುಡಿಯನ್ನು ಹಿಡಿಹಿಡಿಯಾಗಿ ಕಲಸುತ್ತಿದ್ದರು. ಬೆಂದ ಕಾಳಿನ ಮೇಲೆ ಬೆಣ್ಣೆಯ ಮುದ್ದೆ ಕರಗುತ್ತಿತ್ತು. ತೆಂಗಿನಕಾಯಿ ಹಾಕಿದ್ದರೆ ಮೊದಲ ತುತ್ತಿಗೇ ನನ್ನ ನಾಲಿಗೆ ಹಿಡಿದುಬಿಡುತ್ತಿತ್ತು. ಪಲ್ಯದಲ್ಲಿ ಬೆರೆತ ಶೇಂಗಾದ ರುಚಿ ನನಗೇನು ಗೊತ್ತು? ಇಲ್ಲಿಯ ಸೊಪ್ಪಿಗೇ ಇಂಥ ರುಚಿ ಇರಬೇಕೆಂದು ಬೆರಳು ಚೀಪಿ ತಿಂದಿದ್ದೆ.

"ಏನಿದು ಪಾರವ್ವ?" ಎಂದು ಕಿರುಚಿದೆ.

ಅವರು ಬೆಚ್ಚಿ, ಆಮೇಲೆ ಸೆಟೆದು ನಿಂತರು. "ಮತ್ತೇನ ಮಾಡ್ಲ್ರಿ? ದಿನಾ ಸೊರಗಾಕ್ಹತ್ತಿದ್ರಿ. ಓಣ್ಯಾಗಿನ ಮಂದಿ ನನಗ ಅಂತಾರ, ಮ್ಯಾಲಿನ ಅಕ್ಕಾರನ್ನ ಉಪವಾಸ ಕೆಡವೀಯಲ್ಲಲೇ ಪಾರಿ ಅಂತ. ಹಿಂದಿಲ್ಲ, ಮುಂದಿಲ್ಲ, ಒಬ್ಬಾಕಿ ಅದೀರಿ. ನನ್ನ ಕೈಯಾಗ ಉಂಡು ಇವತ್ತಿನ ತನಕ ಯಾರೂ ಸೊರಗಿಲ್ರಿ!"

"ನನ್ನ ತಮ್ಮ ಸಾಯ್ತಾನೆ!" ಎಂದೆ. ಅಷ್ಟು ದಿನ ಗಂಟಲಲ್ಲಿ ಇಟ್ಟುಕೊಂಡಿದ್ದೆಲ್ಲ ಒಮ್ಮೆಗೇ ಹೊರಬಿತ್ತು. ಡಯಾಲಿಸಿಸ್, ಡಾಕ್ಟರು, ತೂಕ, ಎಲ್ಲವನ್ನೂ ಹೇಳುತ್ತ ಹೇಳುತ್ತ ಅಲ್ಲೇ ನೆಲಕ್ಕೆ ಕೂತು ಅತ್ತೆ. ಪಾರವ್ವ ಪುಡಿ ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಳ್ಳುವುದನ್ನೂ ಮರೆತು ನನ್ನ ಎದುರು ಕುಕ್ಕರಿಸಿದರು. "ಖರೆ ಏನ್ರಿ ಇದು? ಯವ್ವಾ, ನಾ ಎಂಥಾ ಕೆಲಸ ಮಾಡಿದ್ನೋ! ತಮ್ಮನ ಜೀವದ ಮಾತು ಎದಿಯಾಗ ಇಟ್ಕೊಂಡು ತಿರಗ್ಯಾಡೀರಲ್ರಿ, ಮೊದಲ ಯಾಕ ಹೇಳ್ಲಿಲ್ಲ?" ಎಂದು ತಲೆ ಚಚ್ಚಿಕೊಂಡರು. ಆ ದಿನ ಮುಂಡರಗಿಯ ಬಸ್ಸು ತಪ್ಪಿತು.

ಸಂಜೆಯೊಳಗೆ ಓಣಿಗೆಲ್ಲ ಖಬರ ಮುಟ್ಟಿತ್ತು. ಮಾರನೆಯ ದಿನದಿಂದ ಪಾರವ್ವ ಪೊಲೀಸರಿಗಿಂತ ಬಿಗಿಯಾದರು. ರೊಟ್ಟಿಯನ್ನು ಕಾಗದದಷ್ಟು ತೆಳ್ಳಗೆ ಬಡಿದು, ಬೆಳಕಿಗೆ ಹಿಡಿದು ತೋರಿಸಿ ಡಬ್ಬಿಗೆ ಇಡುತ್ತಿದ್ದರು. ಬಜ್ಜಿ ಅಂಗಡಿಯ ಮುಂದೆ ನಾನು ಒಂದು ಗಳಿಗೆ ನಿಂತರೂ ಸಾಕು, ಒಳಗಿನಿಂದ "ಅಕ್ಕಾರ, ತಮ್ಮನ್ನ ನೆನಸ್ರಿ, ಮುಂದ ನಡೀರಿ" ಎಂಬ ಕೂಗು. ಇಮಾಮಸಾಬರಿಗೆ ನಾನೇ ಹೇಳಿದೆ. ಅವರು ಎರಡೂ ಕೈ ಮೇಲೆತ್ತಿ ಪ್ರಾರ್ಥಿಸಿ, ಸಕ್ಕರೆ ಇಲ್ಲದ ಚಹಾ ತರಿಸಿದರು. ಆದರೂ ಮಹಡಿಯ ಕೋಣೆಯಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಾಗ ಎದುರಿಗೆ ಗೋಡೆಯೇ. ಇಷ್ಟೊಂದು ಜನ ನನ್ನನ್ನು ಕಾಯುತ್ತಿದ್ದರೂ ಕೂಡಿ ಉಣ್ಣುವವರು ಯಾರೂ ಇರಲಿಲ್ಲ.

ಮಳೆಗಾಲ ಮುಗಿದು ಚಳಿ ಇಣುಕುವಾಗ ಡಾಕ್ಟರು ಹೇಳಿದ ತೂಕಕ್ಕೆ ಬಂದು ನಿಂತೆ. ರಕ್ತ ಪರೀಕ್ಷೆಯ ವರದಿ ನೋಡಿ ಅವರು "ಬನ್ನಿ" ಎಂದರು. ಪಾರವ್ವ ನನ್ನನ್ನು ಮುಂದೆ ತಿರುಗಿಸಿ, ಹಿಂದೆ ತಿರುಗಿಸಿ ನೋಡಿದರು. ಓಣಿಯ ಹೆಂಗಸರು ಮದುವೆಯಾಗದ ನನಗೂ ಮಡಿಲಕ್ಕಿ ತುಂಬಿ ಕಳಿಸುತ್ತೇವೆಂದು ಕೂತರು. ರಜೆ ಮಂಜೂರಾಗಿತ್ತು, ಚೀಲ ಕಟ್ಟಿದ್ದೆ. ಆಗ ವಿದ್ಯಾಳ ಫೋನು ಬಂತು. ಅವಳದು ಅಳುವೋ ನಗುವೋ ತಿಳಿಯುತ್ತಿರಲಿಲ್ಲ. "ಅಕ್ಕಾ, ಸಾಲಿನಲ್ಲಿ ಇವರ ಸರದಿ ಬಂತು! ಅಪಘಾತದಲ್ಲಿ ಹೋದ ಒಬ್ಬರ ಮನೆಯವರು ಒಪ್ಪಿದ್ದಾರಂತೆ. ಒಳಗೆ ಕರಕೊಂಡು ಹೋದರು. ನಿಮಗಿನ್ನು ಆ ಕಷ್ಟ ಇಲ್ಲ."

ನಾನು "ಹೌದಾ, ಹೌದಾ" ಎನ್ನುತ್ತಲೇ ಇದ್ದೆ. ಎಷ್ಟು ಸಂತೋಷವಾಯಿತು ಎಂದರೆ ಮಗ್ಗದ ಕಂಬವನ್ನು ತಬ್ಬಿಕೊಂಡು ಅತ್ತೆ. ಅವನು ಬದುಕುತ್ತಾನೆ, ಅದಕ್ಕಿಂತ ನನಗೆ ಇನ್ನೇನು ಬೇಕಿತ್ತು! ಅತ್ತು ಮುಗಿದ ಮೇಲೆ ಮಾತ್ರ ಏನೋ ಕಳೆದುಕೊಂಡಂತಾಯಿತು. ಯಾರದೋ ಮನೆಯಲ್ಲಿ ಸಾವಾಗಿದೆ, ನನ್ನ ತಮ್ಮನಿಗೆ ಜೀವ ಬಂದಿದೆ, ಇಂಥ ಹೊತ್ತಿನಲ್ಲಿ ನಾನು ಬೇಡವಾದೆ ಎಂದು ನನಗೆ ದುಃಖ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ದುಃಖ ಆದದ್ದು ಹೌದು.

ಹೋದೆ. ಸೋಂಕು ತಗಲುತ್ತದೆಂದು ಆಸ್ಪತ್ರೆಯಲ್ಲಿ ಒಳಗೆ ಬಿಡಲಿಲ್ಲ. ಗಾಜಿನಾಚೆ ಪ್ರಸನ್ನ ಮಲಗಿದ್ದ. ನನ್ನನ್ನು ಗುರುತಿಸಲು ಅವನಿಗೆ ಹೊತ್ತು ಹಿಡಿಯಿತು. ಆಮೇಲೆ ಎರಡೂ ಕೆನ್ನೆಯನ್ನು ಒಳಗೆಳೆದುಕೊಂಡು ನನ್ನ ಸಪೂರ ಮುಖವನ್ನು ಅಣಕಿಸಿದ. ನಾನು ಗಾಜಿಗೆ ಅಂಗೈ ಹಚ್ಚಿ ನಿಂತೆ. ಅವನು ಮನೆಗೆ ಬಂದ ಮೇಲೂ ಅವನ ಕೋಣೆಗೆ ವಿದ್ಯಾಳೊಬ್ಬಳೇ ಹೋಗಬಹುದು. ಎಲ್ಲವನ್ನೂ ಅವಳೇ ಕುದಿಸುತ್ತಾಳೆ, ಒರೆಸುತ್ತಾಳೆ. ನಾನು ಬೆಳಗಾದರೆ ಕಡಲತೀರಕ್ಕೆ ಹೋಗಿ ಬರುತ್ತಿದ್ದೆ. ಒಂದು ಸಂಜೆ ಅವಳು ಕಕ್ಕುಲಾತಿಯಿಂದಲೇ ಕೇಳಿದಳು, "ಅಕ್ಕಾ, ನಿಮಗೆ ರಜೆ ಎಷ್ಟು ದಿನ ಉಂಟು? ಹೊರಡುವುದು ಯಾವಾಗ?" ಅದರಲ್ಲಿ ಕೊಂಕೇನೂ ಇರಲಿಲ್ಲ. ಮರುದಿನವೇ ಹೊರಟೆ.

ಬೆಟಗೇರಿಯ ಓಣಿಗೆ ಬಂದಾಗ ಪಾರವ್ವ ಒಲೆಯ ಮುಂದೆ ಇದ್ದರು. "ಬರ್ರಿ, ಕುಂಡ್ರಿ. ತಮ್ಮ ಆರಾಮ ಅದಾರೇನ್ರಿ?" ಎಂದರು. ಆರಾಮ ಇದ್ದಾನೆ ಎಂದೆ. "ಛಲೋ ಆತು ನೋಡ್ರಿ. ಇನ್ನ ನೀವೂ ವರ್ಗ ಮಾಡಿಸ್ಕೊಂಡು ನಿಮ್ಮೂರಿಗೆ ಹೊಂಟ ಬಿಡ್ತೀರಿ. ಯಾವಾಗ ಹೊಂಡೋದು?"

ಅಲ್ಲಿಯೂ ಅದೇ ಪ್ರಶ್ನೆ, ಇಲ್ಲಿಯೂ ಅದೇ. "ಗೊತ್ತಿಲ್ಲ ಪಾರವ್ವ" ಎಂದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಅಲ್ರಿ, ಇಷ್ಟ ಬಡಿದಾಡಿ ಮೈ ಇಷ್ಟ ಛಂದ ಮಾಡ್ಕೊಂಡೀರಿ. ತಮ್ಮಗಂತೂ ಬ್ಯಾಡಾತು. ಇನ್ನ ಇದು ಯಾರ ಸಲವಾಗಿ?"

ನನ್ನ ಸಲುವಾಗಿ ಎಂದು ಹೇಳಬೇಕಿತ್ತು. ಅಷ್ಟು ವರ್ಷ ಊರಲ್ಲಿದ್ದಾಗಲೂ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ, ಇಲ್ಲಿಯೂ ಬರಲಿಲ್ಲ.