ಪರೇಲಿನ ಮುರುಕು ಕಟಕಟೆ

ಧಾರವಾಡದಿಂದ ಪುಣೆಯವರೆಗೆ ಸಣ್ಣ ಗಾಡಿ, ಅಲ್ಲಿ ಇಳಿದು ದೊಡ್ಡ ಗಾಡಿ. ಒಮ್ಮೆ ಸಮುದ್ರ ತೋರಿಸೆಂದು ಅವ್ವ ವರ್ಷಗಟ್ಟಲೆ ಗಂಟುಬಿದ್ದಿದ್ದಳು. ಸಾಲೆಗೆ ಬೇಸಿಗೆ ರಜೆ ಬಿಟ್ಟದ್ದೇ ಹೊರಟೆವು. ದಾರಿಯುದ್ದಕ್ಕೂ ತನ್ನ ತಂಬಿಗೆಯ ನೀರು ಬಿಟ್ಟು ಬೇರೇನನ್ನೂ ಅವಳು ಬಾಯಿಗೆ ಹಾಕಲಿಲ್ಲ. ಘಟ್ಟ ಇಳಿಯುವಾಗ ಸುರಂಗ ಬಂದರೆ ಸಾಕು, ನನ್ನ ತೋಳು ಹಿಡಿಯುತ್ತಿದ್ದಳು. ನಾನೇ ಹೆದರುಪುಕ್ಕ. ನನ್ನನ್ನು ಹಿಡಿಯಲು ಇನ್ನೊಬ್ಬರು ಬೇಕಿತ್ತು.

ದಾದರಿನಲ್ಲಿ ಇಳಿದು, ಒಂದಾಣೆಯ ಟ್ರಾಮು ಹತ್ತಿ ಪರೇಲ್ ಸೇರಿದೆವು. ಲಾಡ್ಜೆಂದರೆ ಅವ್ವನಿಗೆ ಮೈಲಿಗೆ. ಹಾಗಾಗಿ ಗೆಳೆಯನೊಬ್ಬನ ಮೂಲಕ ಅಲ್ಲಿನ ಚಾಳೊಂದರಲ್ಲಿ ಪದ್ಮನಾಭ ಭಟ್ಟರ ಒಂಟಿ ಕೋಣೆಯ ಖೋಲಿಯನ್ನು ಒಂದು ವಾರಕ್ಕೆ ಹಿಡಿದಿದ್ದೆ. ಉಡುಪಿ ಕಡೆಯ ಭಟ್ಟರು ಬೈಕುಲ್ಲಾದ ಹೋಟೆಲೊಂದರಲ್ಲಿ ಅಡಿಗೆಯವರು. ಹೆಂಡತಿ ಚೊಚ್ಚಲ ಹೆರಿಗೆಗೆ ಊರಿಗೆ ಹೋಗಿದ್ದರಿಂದ ತಾವು ಹೋಟೆಲಿನಲ್ಲೇ ಮಲಗಿ, ಖೋಲಿಯನ್ನು ರಜೆಗೆ ಬಂದವರಿಗೆ ಕೊಡುತ್ತಿದ್ದರು. ಬೆಲ್ಲ ನೀರು ಕೊಟ್ಟು ಕೂರಿಸಿದವರೇ ದನಿ ತಗ್ಗಿಸಿದರು.

"ಯಾರಾದರೂ ಕೇಳಿದರೆ ನೆಂಟರು ಅಂತ ಹೇಳಿ ಮಾಸ್ತರೇ. ಬಾಡಿಗೆ ಅಂತ ಗೊತ್ತಾದರೆ ಚಾಳಿನ ಮಾಲಕರು ನನ್ನನ್ನೇ ಹೊರಗೆ ಹಾಕ್ತಾರೆ."

ನಾನು ಎದ್ದು ಬಾಗಿಲು ಹಾಕಿಬಂದೆ.

ಮರುದಿನ ಚೌಪಾಟಿಗೆ ಹೋದೆವು. ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಹಳ ಹೊತ್ತು ನೀರು ನೋಡಿದಳು. "ಭಾಳ ಛಲೋ ಅದ. ಆದ್ರ ಒಂದ ಕಡೆ ನಿಂದ್ರೂದಿಲ್ಲ ಇದು," ಎಂದಳು. ಅವಳ ನಿಜವಾದ ಚಿಂತೆ ಬೇರೆ ಇತ್ತು. ನಾಳಿನ ಅಡಿಗೆಗೆ ಉಡುವ ಮಡಿ ಸೀರೆಯನ್ನು ಯಾರ ಮೈಯೂ ತಾಗದ ಹಾಗೆ ಒಣಗಿಸಬೇಕು; ಖೋಲಿಗಳ ಮುಂದಿನ ಉದ್ದನೆಯ ಗ್ಯಾಲರಿಯಲ್ಲೋ ಇಡೀ ದಿನ ಜನ, ಮಕ್ಕಳು, ಬಕೆಟ್ಟು. ಎಲ್ಲಿ ಹಾಕುವುದು?

ಮೂರನೆಯ ಬೆಳಿಗ್ಗೆ ನಾನು ನಳದ ಮುಂದೆ ಸಾಲಿನಲ್ಲಿದ್ದಾಗ ಕಟ್ಟಿಗೆ ಮುರಿದ ಸದ್ದು, ಹಿಂದೆಯೇ ಅವ್ವನ ಚೀರು ಕೇಳಿತು. ಗ್ಯಾಲರಿಯ ತುದಿಯ ಮರದ ಕಟಕಟೆ ಕಿತ್ತುಬಂದು, ಆಳೆತ್ತರದಿಂದ ಅಂಗಳದ ಹಾಸುಗಲ್ಲಿನ ಮೇಲೆ ಅವಳು ಬಿದ್ದಿದ್ದಳು. ಅದೇ ಹೊತ್ತಿಗೆ ಹಾಲು ಹಿಡಿದು ಬಂದ ಭಟ್ಟರು ಪಾತ್ರೆ ಅಲ್ಲೇ ಬಿಟ್ಟು ಅವಳನ್ನು ಎತ್ತಿಕೊಂಡರು.

"ಮುಟ್ಟಬ್ಯಾಡೋ! ಮಡೀಲೆ ಇದ್ದೀನಿ!" ಎಂದು ಅವ್ವ ನೋವಿನಲ್ಲೂ ಬೈದಳು. ಭಟ್ಟರು ಕೇಳಲಿಲ್ಲ. ಹತ್ತಿರದ ಆಸ್ಪತ್ರೆಯವರೆಗೆ ಓಡಿದರು. ಹಿಂದೆ ನಾನು, ಒಂದೇ ಕಾಲಿನಲ್ಲಿ ಚಪ್ಪಲಿ.

ಒಳಗೆ ಡಾಕ್ಟರು ನೋಡುತ್ತಿದ್ದಾಗ ನಾನು ಬಾಗಿಲ ಹೊರಗೆ ಅತ್ತಿತ್ತ ತಿರುಗುತ್ತಿದ್ದೆ. ಸೊಂಟ ಮುರಿದಿದ್ದರೆ ಈ ವಯಸ್ಸಿನಲ್ಲಿ ಅವಳು ಮತ್ತೆ ಏಳುತ್ತಾಳೆಯೇ? ಜೊತೆಗೆ ಬಂದಿದ್ದ ಪಕ್ಕದ ಖೋಲಿಯವರು ಬೆಳಗಾವಿ ಕಡೆಯವರು, ವಕೀಲರೊಬ್ಬರ ಗುಮಾಸ್ತರು. "ಬಿಡಬ್ಯಾಡ್ರಿ ಮಾಸ್ತರ. ಭಾಡಾ ತಗೊಂಡಾನ ಅಂದ್ರ ಜವಾಬ್ದಾರಿ ಅವಂದ. ನೋಟೀಸು ಕೊಡ್ರಿ," ಎಂದರು, ಭಟ್ಟರಿಗೆ ಕೇಳುವ ಹಾಗೆಯೇ.

ಭಟ್ಟರು ಗೋಡೆಗೆ ಒರಗಿದ್ದರು. "ಕಟಕಟೆಯ ಮರ ಲಡ್ಡಾಗಿ ಪುಡಿ ಉದುರುತ್ತಿತ್ತು. ಎಷ್ಟು ಹೇಳಿದರೂ ಮಾಲಕರು ಸರಿ ಮಾಡಿಸಲಿಲ್ಲ. ಕಳಚಿ ಬೀಳದ ಹಾಗೆ ನಾನೇ ಹಗ್ಗ ಬಿಗಿದಿದ್ದೆ."

"ಅದನ್ನ ನಮಗ ಮೊದಲ ಹೇಳಬೇಕಿತ್ತಲ್ಲ!" ಎಂದು ನಾನು ಕೂಗಿದೆ.

"ಹೇಳಿದರೆ ನೀವು ಖೋಲಿ ಹಿಡೀತಿರಲಿಲ್ಲ."

ಆ ಸತ್ಯ ಕೇಳಿ ಸಿಟ್ಟು ನೆತ್ತಿಗೇರಿತು. ನೋಟೀಸು ಕೊಡುವುದೇ ಸೈ ಎಂದು ನಿರ್ಧರಿಸಿದೆ. ಅಷ್ಟರಲ್ಲಿ ಅವ್ವನನ್ನು ವಾರ್ಡಿನ ಮಂಚಕ್ಕೆ ತಂದರು; ಹಿಂದೆಯೇ ಆಸ್ಪತ್ರೆಯ ಪೊಲೀಸನು ಬಂದು ನಿಂತ. ಅದೃಷ್ಟಕ್ಕೆ ವಿಜಾಪುರದ ಕಡೆಯವ.

"ಹೆಂಗ ಬಿದ್ರಿ ಅವ್ವಾರ? ಯಾರ ಮನಿ ಅದು? ಭಾಡಾ ಕೊಟ್ಟು ಇದ್ದೀರೇನು?"

ಹೌದೆಂದರೆ ಭಟ್ಟರ ಖೋಲಿ ಹೋಯಿತು. ಅವ್ವ ಜನ್ಮದಲ್ಲಿ ಸುಳ್ಳಾಡಿದವಳಲ್ಲ.

"ಹಗ್ಗ ಬಿಚ್ಚಿದಾಕಿ ನಾನ," ಎಂದಳು ಅವ್ವ. "ಯಾರೂ ಮುಟ್ಟದ ಹಗ್ಗ, ಸುಮ್ಮನ ಕಟಕಟಿಗೆ ಸುತ್ತಿಟ್ಟಾರ ಅನಿಸ್ತು. ತೊಳದು ಮ್ಯಾಲೆ ಕಟ್ಟಿ ಮಡಿ ಸೀರಿ ಹಾಕಿದೆ. ಸೀರಿ ಜಗ್ಗೂ ಮುಂದ ಕಟಕಟಿಗೆ ಆತುಗೊಂಡೆ. ತಪ್ಪು ನಂದು."

ಪೊಲೀಸನು ಭಟ್ಟರ ಕಡೆ ತೋರಿಸಿದ. "ಇಂವ ಯಾರು?"

"ನನ್ನನ್ನ ಎತ್ಕೊಂಡು ಬಂದಾಂವ. ಮುಟ್ಟಬ್ಯಾಡ ಅಂದೆ, ಕೇಳಲಿಲ್ಲ."

ಪೊಲೀಸನು ನಕ್ಕು ಮುಂದಿನ ಮಂಚಕ್ಕೆ ಹೋದ. ಇನ್ನು ನೋಟೀಸು ನಿಲ್ಲುವುದಿಲ್ಲವೆಂದು ಗುಮಾಸ್ತರು ಹೊರಟರು. ಸೊಂಟಕ್ಕೆ ಬರೀ ಪೆಟ್ಟು, ಬಲಗೈ ಮಣಿಕಟ್ಟು ಮಾತ್ರ ಮುರಿದಿದೆ ಎಂದು ಡಾಕ್ಟರು ಹೇಳಿದಾಗ ನಾನು ನಾಚಿಕೆ ಬಿಟ್ಟು ಅತ್ತೆ.

ಊರಿಗೆ ಮರಳುವ ದಿನ ಆಸ್ಪತ್ರೆಯಿಂದ ನೆಟ್ಟಗೆ ಬೋರಿಬಂದರ ಸ್ಟೇಷನ್ನಿಗೆ ಹೋದೆವು. ಗಡಿಬಿಡಿಯಲ್ಲಿ ಮಡಿ ಸೀರೆ ಆ ಹಗ್ಗದ ಮೇಲೇ ಉಳಿದಿತ್ತು. ಗಾಡಿ ಬಿಡುವ ಹೊತ್ತಿಗೆ ಭಟ್ಟರು ಜನರ ನಡುವೆ ಓಡಿಬಂದರು. ಕೈಯಲ್ಲಿ ಬಿದಿರು ಕೋಲು, ಕೋಲಿನ ಮೇಲೆ ಸೀರೆ. ಪರೇಲಿನಿಂದ ಲೋಕಲ್‌ನಲ್ಲಿ ಹಾಗೆಯೇ ಹಿಡಿದು ತಂದಿದ್ದರು.

"ನಾನು ಮುಟ್ಟಲಿಲ್ಲ ಅಮ್ಮ."

ಲೋಕಲ್‌ನಲ್ಲಿ ಅರ್ಧ ಮುಂಬಯಿಯೇ ಅದನ್ನು ಮುಟ್ಟಿರಬೇಕು. ಅವ್ವನಿಗೂ ಅದು ತಿಳಿಯದ್ದಲ್ಲ. ಎಡಗೈಯಿಂದ ಸೀರೆ ಎಳೆದುಕೊಂಡು ಮಡಿಲಲ್ಲಿಟ್ಟು, "ಮಡಿ ಇನ್ನೂ ಹಂಗ ಅದ," ಎಂದಳು. ಗಾಡಿ ಅಲುಗಿತು. ಅವ್ವ ಕಿಟಕಿಗೆ ಬಗ್ಗಿದಳು.

"ಭಟ್ಟಾ, ಮತ್ತ ಹಗ್ಗ ಕಟ್ಟಿ ಕೂಡಬ್ಯಾಡ. ಮಾಲಕ ಮಾಡಸದಿದ್ರ ನೀನ ಹಲಗಿ ಬಡಿ. ಇನ್ನ ಆ ಗ್ಯಾಲರಿಯೊಳಗ ನಿನ್ನ ಕೂಸು ತೆವಳ್ತದ."

ಮಾಲಕರಿಗೆ, ಪೊಲೀಸನಿಗೆ, ನನಗೆ ಹೆದರಿಕೊಂಡು ದಿನ ದೂಡಿದ್ದ ಆ ಮನುಷ್ಯ ನಿಜವಾಗಿ ಹೆದರಿದ್ದನ್ನು ನಾನು ಆಗಲೇ ನೋಡಿದ್ದು. ನಮ್ಮ ಡಬ್ಬಿ ಪ್ಲಾಟ್‌ಫಾರ್ಮು ದಾಟುವುದಕ್ಕೂ ಅವರು ಕಾಯಲಿಲ್ಲ. ಖಾಲಿ ಕೋಲು ಹಿಡಿದು ಪರೇಲಿನ ಲೋಕಲ್ ಕಡೆಗೆ ಓಡಿದರು.