ಯಂಕಮ್ಮನ ಜೊತೆ ಒಂಬತ್ತು ಸುತ್ತು

ಬೆಳಗಿನ ಐದು ಗಂಟೆ. ಬಳ್ಳಾರಿ ಸತ್ಯನಾರಾಯಣಪೇಟೆಯ ಆ ಸಣ್ಣ ಮೈದಾನದಲ್ಲಿ ಎರಡೇ ದೀಪ ಉರಿಯುತ್ತಿವೆ. ಒಂದರ ಕೆಳಗೆ ಯಂಕಮ್ಮ ಬೇವಿನ ಎಲೆ ಗುಡಿಸುತ್ತಿದ್ದಾರೆ. ಕೈಯಲ್ಲಿ ಉದ್ದ ಕೋಲಿನ ಪೊರಕೆ ಇದ್ದರೂ ಬಗ್ಗಿಯೇ ಗುಡಿಸುತ್ತಾರೆ. ಇಪ್ಪತ್ತಾರು ವರ್ಷ ಭತ್ತದ ಗದ್ದೆಯಲ್ಲಿ ಬಗ್ಗಿದ ಸೊಂಟ ಅದು, ಈಗ ನೇರ ನಿಲ್ಲು ಎಂದರೆ ಕೇಳುವುದಿಲ್ಲ. ಮೈದಾನದ ಸುತ್ತ ನಡೆಯುವ ದಾರಿಯ ಉದ್ದ ನಾನೂರ ಹತ್ತು ಮೀಟರ್. ಐದೂವರೆಯ ಒಳಗೆ ಅದಷ್ಟೂ ಗುಡಿಸಿ ಮುಗಿಯಬೇಕು. ಆರೂವರೆಗೆ ಮತ್ತೆ ಬೀದಿ ಗುಡಿಸಲು ಹಾಜರಿ ಹಾಕಬೇಕು.

ನಡುವಿನ ಒಂದು ಗಂಟೆ ಅವರದೇ. ಜೊತೆಯವರು ಆ ಹೊತ್ತಿನಲ್ಲಿ ಚಹಾ ಕುಡಿಯಲು ಹೋಗುತ್ತಾರೆ. ಯಂಕಮ್ಮ ನಲ್ಲಿಯಲ್ಲಿ ಕಾಲು ತೊಳೆದು, ಸೀರೆಯ ಸೆರಗು ಬಿಗಿದು, ಗೇಟಿನ ಬಳಿ ನಿಲ್ಲುತ್ತಾರೆ. ಒಬ್ಬೊಬ್ಬರಾಗಿ ಹೆಂಗಸರು ಬರುತ್ತಾರೆ. ಕೆಲವು ದಿನ ಹನ್ನೊಂದು ಜನ, ಕೆಲವು ದಿನ ಹದಿನಾಲ್ಕು. ಎಲ್ಲರೂ ಮೈ ಇಳಿಸಲು ಬಂದವರು. ಯಂಕಮ್ಮ ಮುಂದೆ, ಅವರೆಲ್ಲ ಹಿಂದೆ, ಇದನ್ನು ಬರೆಯಲು ಬಂದ ನಾನು ಕೊನೆಗೆ. ಆ ಹೆಂಗಸರ ಕಾಲಲ್ಲಿ ಬೂಟು, ಯಂಕಮ್ಮನ ಕಾಲಲ್ಲಿ ಸವೆದ ಹವಾಯಿ ಚಪ್ಪಲಿ.

ಇಂದು ಎಲ್ಲರ ಕಣ್ಣೂ ರಾಧಾ ಅವರ ಮೇಲಿದೆ. ನಲವತ್ತೊಂದು ವಯಸ್ಸಿನ ರಾಧಾ ಜೀನ್ಸ್ ಹೊಲಿಯುವ ಘಟಕದಲ್ಲಿ ದಿನಕ್ಕೆ ಒಂಬತ್ತು ಗಂಟೆ ಮೆಷಿನ್ ಮುಂದೆ ಕೂರುವವರು. ಸಿಜೇರಿಯನ್ ಆದ ಜಾಗದಲ್ಲಿ ಹರ್ನಿಯಾ ಎದ್ದಿದೆ. ಕರುಳು ಅದರಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಆದರೆ ತೂಕ ಎಂಬತ್ತು ಕಿಲೋಗೆ ಇಳಿಯದೆ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ, ಹೊಲಿಗೆ ನಿಲ್ಲುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಶುರುವಿನಲ್ಲಿ ತೊಂಬತ್ತೊಂದು ಇತ್ತು. ಬರುವ ಸೋಮವಾರ ತಕ್ಕಡಿ ಹತ್ತಬೇಕು.

ಎರಡನೇ ಸುತ್ತಿನಲ್ಲಿ ಯಂಕಮ್ಮ ತಿರುಗದೆಯೇ ಕೇಳುತ್ತಾರೆ: "ರಾಧವ್ವ, ನಿನ್ನಿ ಏನ್ ಸಾರು ಮಾಡಿದ್ದಿ?"

"ಹೆಸರುಬ್ಯಾಳಿ ಸಾರು, ಅಕ್ಕ." ಒಂದು ಉಸಿರು. "ಮೆಂತೆಪಲ್ಲೆ ಹಾಕಿದ್ದೆ."

ಯಂಕಮ್ಮ ತಲೆಯಾಡಿಸುತ್ತಾರೆ. ವೇಗ ಸರಿಯಿದೆ. ಹಿಂದಿನಿಂದ ಪಕ್ಕೀರಮ್ಮ ಬಾಯಿ ಹಾಕುತ್ತಾರೆ: "ಮೆಂತೆ ಯಾಕಲೇ ಹಾಕಿದಿ? ಪುಂಡಿಪಲ್ಲೆ ಹಾಕಬೇಕು. ಮೊದಲು ಬ್ಯಾಳಿ ಬೇಯಿಸಿ ತೆಗದಿಡಬೇಕು, ಆಮ್ಯಾಲೆ ಬಳ್ಳೊಳ್ಳಿ ಜಜ್ಜಿ ಒಗ್ಗರಣಿ ಕೊಟ್ಟು, ಹುಣಸಿಹಣ್ಣು ಒಂದೀಟು..."

"ಪಕ್ಕೀರಮ್ಮ, ಇಷ್ಟು ಹೇಳಾಕ ನಿನಗ ದಮ್ಮು ಐತಿ ಅಂದ್ರ ನೀ ನಡಿಯಾಕ ಹತ್ತಿಲ್ಲ, ಸಂತಿಗೆ ಬಂದೀದಿ. ಕಾಲು ಎತ್ತು!"

"ನಾ ಎಲ್ಲಿ ಸಣ್ಣಾಗಾಕ ಬಂದೀನಿ? ಸೊಸಿ ಎದ್ದು ಚಾ ಕಾಸೋತನಕ ಹೊತ್ತು ಕಳಿಯಾಕ ಬಂದೀನಿ."

ಹೆಂಗಸರು ನಗುತ್ತಾರೆ. ಆದರೂ ಪಕ್ಕೀರಮ್ಮನ ಕಾಲು ಚುರುಕಾಗುತ್ತದೆ.

ಯಂಕಮ್ಮನ ವಿದ್ಯೆ ಇಷ್ಟೇ. ನಡೆಯುವಾಗ ಪ್ರಶ್ನೆ ಕೇಳುತ್ತಾರೆ. ಉತ್ತರದ ನಡುವೆ ಒಂದೋ ಎರಡೋ ಸಲ ಉಸಿರೆಳೆದುಕೊಂಡು ಪೂರ್ತಿ ಮಾತು ಬಂದರೆ ವೇಗ ಸರಿ. ಅಡುಗೆಯ ವಿಧಾನವೆಲ್ಲ ಬಂದರೆ ತೀರಾ ನಿಧಾನ. ಬರೀ "ಹೂಂ" ಬಂದರೆ ಅತಿಯಾಯಿತು, ಆಗ ಇಡೀ ಸಾಲನ್ನೇ ನಿಧಾನ ಮಾಡುತ್ತಾರೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ನಾಟಿ ಗದ್ದೆಯಲ್ಲಿ ಕಲಿತದ್ದು.

ಸಿರುಗುಪ್ಪದ ಪಕ್ಕದ ದೇಶನೂರು ಅವರ ಊರು. ಹನ್ನೆರಡನೇ ವಯಸ್ಸಿಗೆ ಗದ್ದೆಗೆ ಇಳಿದರು. ಇಪ್ಪತ್ತು ದಾಟುವ ಹೊತ್ತಿಗೆ ನಾಟಿ ಹಚ್ಚುವ ಗುಂಪಿನಲ್ಲಿ ಮೊದಲ ಸಾಲು ಹಿಡಿಯುವ ಹೆಂಗಸಾಗಿದ್ದರು. ಮೊದಲ ಸಾಲಿನವಳು ಎಷ್ಟು ಬೇಗ ಸಸಿ ಊರುತ್ತಾಳೋ ಉಳಿದವರೂ ಅಷ್ಟೇ ಬೇಗ ಊರಬೇಕು. "ಬಿರ್ರನ ಹೋದ್ರ ಬಾಣಂತಿಯರು, ವಯಸ್ಸಾದೋರು ಮಧ್ಯಾಹ್ನಕ್ಕ ಬದುವಿನ ಮ್ಯಾಲೆ ಕುಂದ್ರತಿದ್ರು. ಮೆಲ್ಲಗ ಹೋದ್ರ ಹೊಲದ ಗೌಡ ಒದರತಿದ್ದ" ಎನ್ನುತ್ತಾರೆ ಯಂಕಮ್ಮ. "ಅದಕ್ಕ ಹಿಂದಿನವರನ್ನ ಮಾತಾಡಸ್ತಾ ಹೋಗತಿದ್ದೆ. ಅವರ ದನಿ ಕೇಳಿದ್ರ ಸಾಕು, ಯಾರ ಮೈಯಾಗ ಎಷ್ಟು ಶಕ್ತಿ ಉಳದೈತಿ ಗೊತ್ತಾಗತಿತ್ತು. ಸಂಜಿ ಮಟ ಎಲ್ಲಾರೂ ನಿಲ್ಲಬೇಕಲ್ಲ?"

ಹದಿನಾರು ವರ್ಷದ ಹಿಂದೆ ಗಂಡ ಹುಲುಗಪ್ಪನಿಗೆ ಬಳ್ಳಾರಿಯಲ್ಲಿ ಗೋದಾಮಿನ ಕಾವಲು ಕೆಲಸ ಸಿಕ್ಕಿತು. ಇಬ್ಬರೂ ಬಂದರು. ಮೂಟೆ ಹೊರುತ್ತಿದ್ದ ಮನುಷ್ಯ ಕುರ್ಚಿಯಲ್ಲಿ ಕೂತು ದಪ್ಪಗಾದ. ಬಿಪಿ ಬಂತು, ಸಕ್ಕರೆ ಬಂತು. ನಡೆಯಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಹುಲುಗಪ್ಪ ನಡೆಯಲಿಲ್ಲ, ಓಡಿದ. ಒಂದು ವಾರ ಓಡಿ ಮೊಣಕಾಲು ಊದಿಸಿಕೊಂಡು ಕೂತವನು ಮತ್ತೆ ನಡೆಯಲು ಏಳಲಿಲ್ಲ. ಎರಡು ವರ್ಷದ ನಂತರ ಎದೆನೋವಿನಿಂದ ತೀರಿಕೊಂಡ. ಇದಾಗಿ ಆರು ವರ್ಷವಾಯಿತು, ಯಂಕಮ್ಮ ಪೊರಕೆ ಹಿಡಿದದ್ದೂ ಆಗಲೇ.

"ಸಾವಿರ ಮಂದಿ ಕಾಲು ನೋಡಿದಾಕಿ ನಾನು. ಮನ್ಯಾಗಿನ ಮನಷಾಗ ಮೆಲ್ಲಗ ನಡೀ ಅಂತ ಹೇಳಲಿಲ್ಲ" ಎಂದು ಯಂಕಮ್ಮ ಪೊರಕೆಯ ಕಡ್ಡಿ ಬಿಗಿಯುತ್ತಾ ಹೇಳುತ್ತಾರೆ. "ಮೆಲ್ಲಗ ನಡದ್ರ ಏನಾಕೈತಿ ಅಂದ್ಕೊಂಡಿದ್ದೆ ನಾನೂ."

ರಾಧಾ ಮೈದಾನಕ್ಕೆ ಬಂದದ್ದು ಈ ವರ್ಷದ ಬೇಸಿಗೆಯ ಶುರುವಿನಲ್ಲಿ. ತವರು ಕುರುಗೋಡು, ಮದುವೆಯಾಗಿ ಬಂದದ್ದು ಇಲ್ಲಿಗೆ. ಕೊಬ್ಬು ಕರಗಿಸಲು ಬೆವರು ಹರಿಸಬೇಕು ಎಂದು ಯಾರೋ ಹೇಳಿದ್ದರು. ಬೆವರಿಗೆ ಬಳ್ಳಾರಿಯ ಬಿಸಿಲಿಗಿಂತ ಬೇರೆ ಏನು ಬೇಕು? ಬೆಳಗಿನ ತಂಪು ಬಿಟ್ಟು ಎಂಟು ಗಂಟೆಗೆ ಬಂದರು. ಸೀರೆಯ ಮೇಲೆ ಗಂಡನ ಉಣ್ಣೆಯ ಸ್ವೆಟರ್ ಹಾಕಿ ಓಡಿದರು. ಮನೆಗೆ ಹೋಗಿ ತಕ್ಕಡಿ ಹತ್ತಿದರೆ ಒಂದೂವರೆ ಕಿಲೋ ಕಡಿಮೆ. ನೀರು ಕುಡಿದರೆ ಅದು ಮತ್ತೆ ಏರುತ್ತಿತ್ತು. ಹಾಗಾಗಿ ನೀರು ಕುಡಿಯುವುದನ್ನೇ ಬಿಟ್ಟರು.

ಯಂಕಮ್ಮ ಆಗ ಗೇಟಿನ ಹೊರಗಿನ ಬೀದಿ ಗುಡಿಸುತ್ತಿದ್ದರು. ದಿನವೂ ನೋಡುತ್ತಿದ್ದರು. "ಓದಿದಾಕಿ ಇರಬೇಕು, ಕಸ ಗುಡಿಸಾಕಿ ಹೇಳಿದ್ರ ಏನ್ ಅಂದ್ಕೋತಾಳೋ ಅಂತ ಸುಮ್ಕಿದ್ದೆ." ಒಂಬತ್ತನೇ ದಿನ ರಾಧಾ ಗೇಟಿನ ಬಳಿಯೇ ಬಿದ್ದರು. ಸ್ವೆಟರ್ ಕತ್ತರಿಸಿ ತೆಗೆದು, ಬೀದಿಗೆ ಚಿಮುಕಿಸಲು ತಂದಿದ್ದ ಬಕೆಟ್ ನೀರನ್ನು ಮೈಮೇಲೆ ಸುರಿದವರು ಯಂಕಮ್ಮ. ಆಟೋದಲ್ಲಿ ತೊಡೆಯ ಮೇಲೆ ತಲೆ ಇಟ್ಟುಕೊಂಡು ಹೋದವರೂ ಅವರೇ. ಎರಡು ದಿನ ಗ್ಲೂಕೋಸ್ ಏರಿಸಿದರು. ಓಡಿದ್ದರಿಂದ ಹರ್ನಿಯಾ ಇನ್ನಷ್ಟು ಹೊರಬಂದಿತ್ತು.

ಮೂರನೇ ದಿನ ಯಂಕಮ್ಮ ರಾಧಾ ಅವರ ಮನೆಗೆ ಹೋದರು. ಗಂಡ ರಾಮಾಂಜಿನಿ ಬಾಗಿಲಲ್ಲೇ ತಡೆದರು.

"ಇನ್ನ ಆಕಿ ಎಲ್ಲಿಗೂ ಬರಂಗಿಲ್ಲ ಅಮ್ಮ. ಹೊಟ್ಟಿ ಹೆಂಗೈತೋ ಹಂಗ ಇರಲಿ. ಜೀವ ಉಳದ್ರ ಸಾಕು."

"ಹಂಗ ಇಟ್ರ ಜೀವ ಉಳಿತೈತೇನಪ್ಪ? ಡಾಕ್ಟ್ರನ್ನ ಕೇಳು, ನಡಿಬಹುದಾ ಇಲ್ಲಾ ಅಂತ. ಹೂಂ ಅಂದ್ರ ನನ್ನ ಜೊತಿ ಕಳಸು. ಓಡಿಸಿದ್ರ ನನ್ನ ಕೇಳು."

ಹೊಟ್ಟೆಗೆ ಪಟ್ಟಿ ಕಟ್ಟಿಕೊಂಡು ಸಮತಟ್ಟಾದ ಜಾಗದಲ್ಲಿ ನಡೆಯಬಹುದು, ಓಡಬಾರದು, ಭಾರ ಎತ್ತಬಾರದು ಎಂದು ವೈದ್ಯರು ಹೇಳಿದರು. ಆದರೆ ಎಷ್ಟು ಜೋರಾಗಿ ನಡೆಯಬೇಕು ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಅದನ್ನು ಯಂಕಮ್ಮ ನೋಡಿಕೊಂಡರು. ಮೊದಲ ತಿಂಗಳು ನಲವತ್ತು ನಿಮಿಷಕ್ಕೆ ಐದು ಸುತ್ತು. ಆಗ ಅದಕ್ಕಿಂತ ಸ್ವಲ್ಪ ಜೋರಾದರೂ ರಾಧಾ "ಹೂಂ" ಎನ್ನುತ್ತಿದ್ದರು. ಒಂದೂವರೆ ತಿಂಗಳಿಗೆ ಇಳಿದದ್ದು ಎರಡು ಕಿಲೋ ಮಾತ್ರ.

"ಒಂದಿನ ಕಟ್ಟಿ ಮ್ಯಾಲೆ ಕುಂತು ಅತ್ತುಬಿಟ್ಟೆ" ಎನ್ನುತ್ತಾರೆ ರಾಧಾ. "ಅಕ್ಕ, ಹಿಂಗ ಆಮಿ ನಡದಂಗ ನಡದ್ರ ಆಪರೇಷನ್ ನನ್ನ ಮಗನ ಮದಿವಿಗೆ ಆಕೈತಿ ಅಂದೆ. ನಿಮಗ ಗೊತ್ತಿಲ್ಲದ ವಿಷಯ ಬಿಡ್ರಿ ಅಂತನೂ ಅಂದೆ. ಅನ್ನಬಾರದಿತ್ತು."

ಯಂಕಮ್ಮ ಸಿಟ್ಟಾಗಲಿಲ್ಲ. "ಮೊದಲು ಓಡಿದಿ, ಒಂಬತ್ತು ದಿನ. ಈಗ ನಡದೀದಿ, ನಲವತ್ತು ದಿನ. ಯಾವುದು ಹೆಚ್ಚು?" ಎಂದು ಕೇಳಿದರಂತೆ. ಮರುದಿನದಿಂದ ಅನ್ನದಲ್ಲಿ ಒಂದು ಸಟ್ಟುಗ ಕಡಿಮೆ ಮಾಡಿಸಿದರು. ಘಟಕದಲ್ಲಿ ಮೂರು ಹೊತ್ತು ಬರುತ್ತಿದ್ದ ಚಹಾದ ಸಕ್ಕರೆ ಬಿಡಿಸಿದರು. ನೀರು ಮಾತ್ರ ಮುಂದೆ ನಿಂತು ಕುಡಿಸಿದರು.

ಗಾಂಧಿನಗರದಲ್ಲಿ ಫಿಸಿಯೋಥೆರಪಿ ಮಾಡುವ ಮೇಘಾ ಕೂಡ ಇದೇ ಮೈದಾನಕ್ಕೆ ಬರುತ್ತಾರೆ. ಯಂಕಮ್ಮನ ಪ್ರಶ್ನೆಗಳನ್ನು ಕೇಳಿ ಅವರಿಗೆ ಕುತೂಹಲ ಹುಟ್ಟಿತು. ಒಂದು ದಿನ ತಮ್ಮ ಕೈಗಡಿಯಾರವನ್ನು ರಾಧಾ ಕೈಗೆ ಕಟ್ಟಿದರು. ಪೂರ್ತಿ ಮಾತು ಬಂದಾಗ ಎದೆಬಡಿತ ನಿಮಿಷಕ್ಕೆ ನೂರ ಇಪ್ಪತ್ತೆರಡು. "ಹೂಂ" ಅಂದಾಗ ನೂರ ನಲವತ್ತೆಂಟು.

"ಈ ವಯಸ್ಸಿಗೆ ನಾವು ಹೇಳೋದೂ ಹೆಚ್ಚುಕಡಿಮೆ ಅದೇ, ನೂರ ಹದಿನೈದರಿಂದ ನೂರ ಮೂವತ್ತೈದು" ಎನ್ನುತ್ತಾರೆ ಮೇಘಾ. "ಜೋರಾಗಿ ಓಡಿದರೆ ಅದೇ ಹೊತ್ತಿನಲ್ಲಿ ಹೆಚ್ಚು ಶಕ್ತಿ ಖರ್ಚಾಗೋದು ನಿಜ. ಆರೋಗ್ಯ ಇದ್ದವರು, ರೂಢಿ ಇದ್ದವರು ಮಾಡಲಿ. ಆದರೆ ಹತ್ತು ನಿಮಿಷ ಓಡಿ ನಾಲ್ಕು ದಿನ ಮಲಗೋರಿಗೆ ಅದರಿಂದ ಏನೂ ಸಿಗೋದಿಲ್ಲ. ತಿಂಗಳ ಕೊನೆಗೆ ಒಟ್ಟು ಎಷ್ಟು ನಡೆದಿರಿ, ಎಷ್ಟು ಉಂಡಿರಿ, ಅದೇ ಲೆಕ್ಕ. ಬೆವರು ಬರೀ ನೀರು. ಇದನ್ನ ನಾನು ನಾಲ್ಕು ವರ್ಷ ಓದಿ ಕಲಿತೆ."

ಈ ಮಾತನ್ನು ಯಂಕಮ್ಮನಿಗೆ ಹೇಳಿದರೆ ಅವರು ಗಡಿಯಾರದ ಕಡೆ ಒಮ್ಮೆ ನೋಡುತ್ತಾರೆ. "ಅದಕ್ಕ ಚಾರ್ಜ್ ಹಾಕಬೇಕಂತಲ್ಲ?" ಎನ್ನುತ್ತಾರೆ, ಅಷ್ಟೇ.

ಮೈ ರೂಢಿಯಾದಂತೆ ರಾಧಾ ಅವರ ಸುತ್ತು ಹೆಚ್ಚಿತು. ಐದು ಏಳಾಯಿತು, ದಸರಾ ಹೊತ್ತಿಗೆ ಒಂಬತ್ತು. ಅವರನ್ನು ನೋಡಿ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಸಾಲಿಗೆ ಸೇರಿದರು. ನಲವತ್ತು ನಿಮಿಷವೇ, ಆದರೆ ಈಗ ಒಂಬತ್ತು ಸುತ್ತಿನ ವೇಗದಲ್ಲೂ ಪೂರ್ತಿ ಮಾತು ಬರುತ್ತದೆ. ಒಂದೂ ದಿನ ತಪ್ಪಿಸಲಿಲ್ಲ ಎಂದಲ್ಲ. ಹಬ್ಬಕ್ಕೆ ತವರಿಗೆ ಹೋಗಿ ಎರಡು ಕಿಲೋ ಏರಿಸಿಕೊಂಡು ಬಂದರು. ಯಂಕಮ್ಮ ಬೈಯಲಿಲ್ಲ. ಹೋಳಿಗೆ ಎಷ್ಟು ತಿಂದೆ ಎಂದೂ ಕೇಳಲಿಲ್ಲ. ಸಾಲಿನಲ್ಲಿ ತಮ್ಮ ಹಿಂದಿನ ಜಾಗ ಖಾಲಿ ಬಿಟ್ಟು ನಿಂತಿದ್ದರು.

ಈ ಕೆಲಸಕ್ಕೆ ಯಾರೂ ಏನೂ ಕೊಡುವುದಿಲ್ಲ, ಅವರೂ ಕೇಳುವುದಿಲ್ಲ. ಬೀದಿಯಲ್ಲಿ ಇದೇ ಹೆಂಗಸರ ಮನೆಯ ಕಸ ಎತ್ತುವಾಗ ಕೆಲವರು ಗುರುತು ಸಿಗದವರಂತೆ ಒಳಗೆ ಹೋಗುವುದುಂಟು. ನಾನು ಗಮನಿಸಿದ್ದೇನೆ. ಯಂಕಮ್ಮನೂ ಗಮನಿಸಿದ್ದಾರೆ. "ಇರಲಿ. ಬೆಳಿಗ್ಗೆ ನನ್ನ ಹಿಂದ ಬರ್ತಾರಲ್ಲ" ಎನ್ನುತ್ತಾರೆ.

ಸೋಮವಾರ ಹನ್ನೊಂದು ಗಂಟೆ. ರಾಧಾ ಮತ್ತು ರಾಮಾಂಜಿನಿ ಆಸ್ಪತ್ರೆಗೆ ಹೋಗಿದ್ದಾರೆ. ಯಂಕಮ್ಮ ಚರಂಡಿಯ ಪಕ್ಕದ ಹೂಳು ಬಾಚುತ್ತಿದ್ದಾರೆ. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕುಪ್ಪಸದಲ್ಲಿ ಇಟ್ಟುಕೊಂಡಿದ್ದಾರೆ. ಎರಡು ಸಲ ತೆಗೆದು ನೋಡಿದರು. ಮೂರನೇ ಸಲ ಅದೇ ಬಡಿದುಕೊಂಡಿತು.

"ಎಪ್ಪತ್ತೊಂಬತ್ತೂವರಿ, ಅಕ್ಕ! ಎಪ್ಪತ್ತೊಂಬತ್ತೂವರಿ!" ರಾಧಾ ಕೂಗಿದ್ದು ನನಗೂ ಕೇಳಿಸಿತು. "ಮುಂದಿನ ಗುರುವಾರ ಆಪರೇಷನ್ ಅಂತ ಬರಕೊಟ್ರು."

"ನೀರು ಕುಡದು ತಕ್ಕಡಿ ಹತ್ತಿದ್ಯಾ?"

"ಕುಡದೇ ಹತ್ತೀನಿ. ನಿಮ್ಮಾಣಿ."

ಯಂಕಮ್ಮ ಫೋನನ್ನು ಮತ್ತೆ ಚೀಲದಲ್ಲಿ ಸುತ್ತಿ ಇಟ್ಟು, ಸಲಿಕೆಯನ್ನು ಗೋಡೆಗೆ ಒರಗಿಸುತ್ತಾರೆ. ಮುಖದಲ್ಲಿ ನಗುವಿಲ್ಲ. ಆಪರೇಷನ್ ಅಂದರೆ ಆಪರೇಷನ್ನೇ. ಆಮೇಲೆ ಆಚೆ ಬದಿಯಲ್ಲಿ ನಿಂತಿದ್ದ ಮೇಸ್ತ್ರಿಯ ಬಳಿ ಹೋಗಿ, ಗುರುವಾರ ರಜೆ ಬೇಕು ಎಂದು ಕೇಳುತ್ತಾರೆ. ಆರು ವರ್ಷದಲ್ಲಿ ಅವರು ರಜೆ ಕೇಳಿದ್ದು ಇದೇ ಮೊದಲು. ಮೇಸ್ತ್ರಿ ಮುಖ ನೋಡುತ್ತಾರೆ.

"ಯಾಕಮ್ಮ? ನಿಮ್ಮ ಮಂದಿಯಾಗ ಯಾರಿಗರ ಏನಾರ ಆಗೈತಾ?"

"ಹೂಂ, ನಮ್ಮ ಮಂದಿನಾ. ಆಪರೇಷನ್ ಕೋಣಿ ಬಾಗಲ ತನಕ ಆಕಿ ಜೊತಿ ನಡಿಬೇಕು" ಎನ್ನುತ್ತಾರೆ ಯಂಕಮ್ಮ. "ಬಾಗಲ ದಾಟಿದ ಮ್ಯಾಲೆ ಡಾಕ್ಟ್ರು ನೋಡ್ಕೋತಾರ. ಅಲ್ಲೀತನಕ ನಂದು."